ಎಡಕ್ಕೊಂದು ದಿನ, ಬಲಕ್ಕೊಂದು ದಿನ

ಸ್ಪಿರಿಟ್ ರಿವರ್, ಆಲ್ಬರ್ಟಾ
ಮೇ 11, 2014

ಪ್ರೀತಿಯ ಅಮ್ಮ,

ಹೆಲಿಕಾಪ್ಟರ್ ಮುಂದಿನ ಸಲ ನಿನ್ನ ಗೋಪುರಕ್ಕೆ ದಿನಸಿ ತರುವಾಗ ಈ ಕಾಗದವೂ ಜೊತೆಗೆ ಬರುತ್ತದೆ. ರೇಡಿಯೋದಲ್ಲಿ ಹೇಳಬಹುದಿತ್ತು. ಆದರೆ ಕಾಡ್ಗಿಚ್ಚು ಕಾಯುವ ಅಷ್ಟೂ ಗೋಪುರದವರು ಕಿವಿಗೊಟ್ಟು ಕೂತಿರುವ ರೇಡಿಯೋದಲ್ಲಿ ನನ್ನ ಗರ್ಭಕೋಶದ ಸಮಾಚಾರ ಹೇಳುವುದು ಹೇಗೆ?

ನಮ್ಮ ಕೊನೆಯ ಭ್ರೂಣವನ್ನು ಈ ಬೇಸಿಗೆಯಲ್ಲಿ ಹಾಕಿಸಿಕೊಳ್ಳುವುದೆಂದು ಕೋಲ್ಟನ್ ಮತ್ತು ನಾನು ತೀರ್ಮಾನಿಸಿದ್ದೇವೆ. ನಾಲ್ಕಿದ್ದವು, ಮೂರು ನಿಲ್ಲಲಿಲ್ಲ. ಉಳಿದ ಒಂದು ಎಡ್ಮಂಟನ್ ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಕೊಂಡು ನಾಲ್ಕು ಚಳಿಗಾಲ ಕಳೆದಿದೆ. ಇದೂ ಹೋದರೆ ಮುಗಿಯಿತು ಅಮ್ಮ. ಮತ್ತೆ ಮೊದಲಿನಿಂದ ಶುರುಮಾಡುವ ಶಕ್ತಿ ನನ್ನಲ್ಲಿ ಇಲ್ಲ.

ಅದಕ್ಕೆ ಮುಂಚೆ ಗರ್ಭಕೋಶ ಸಿದ್ಧವಾಗಬೇಕು. ಹೊಟ್ಟೆಯ ಮೇಲೆ ಹಾರ್ಮೋನಿನ ಪಟ್ಟಿಗಳನ್ನು ಅಂಟಿಸಿಕೊಂಡು ಒಳಪದರ ದಪ್ಪವಾಗುವವರೆಗೆ ಕಾಯಬೇಕು. ಸ್ಕ್ಯಾನಿಂಗಿನಲ್ಲಿ ಸಾಕಷ್ಟು ದಪ್ಪ ಕಂಡ ಮೇಲೆ ದಿನಾ ಸೊಂಟದ ಕೆಳಗೆ ಎಣ್ಣೆಯಲ್ಲಿ ಕಲಸಿದ ಹಾರ್ಮೋನಿನ ಇಂಜೆಕ್ಷನ್, ಎಡಕ್ಕೊಂದು ದಿನ, ಬಲಕ್ಕೊಂದು ದಿನ. ಅದು ಐದು ದಿನ ಆದ ಮೇಲೆ ಭ್ರೂಣ. ನಿಂತರೆ ಆಮೇಲೂ ಸುಮಾರು ಎರಡು ತಿಂಗಳು ಸೂಜಿ ತಪ್ಪುವುದಿಲ್ಲ. ಡಾಕ್ಟರಮ್ಮ ಇದನ್ನೆಲ್ಲ ಹೂದೋಟದ ಹೋಲಿಕೆ ಕೊಟ್ಟು ವಿವರಿಸಿದರು. ನಾನು ತೋಟದವಳಲ್ಲ, ದನದವಳು, ನೇರವಾಗಿ ಹೇಳಿ ಎಂದೆ.

ತೊಂದರೆ ಏನೆಂದರೆ, ಕೋಲ್ಟನ್ ಈಗ ಉತ್ತರದ ಎಣ್ಣೆಬಾವಿಗೆ ಸೇರಿದ್ದಾನೆ. ಮೂರು ವಾರ ಅಲ್ಲಿ, ಒಂದು ವಾರ ಇಲ್ಲಿ. ಹಿಂದಿನ ಸಲವೆಲ್ಲ ಸೂಜಿ ಹಾಕುತ್ತಿದ್ದವನು ಅವನೇ. ನನ್ನ ಹಿಂಭಾಗಕ್ಕೆ ನಾನೇ ಚುಚ್ಚಿಕೊಳ್ಳಲು ನೋಡಿದೆ, ಕೈ ಎಟುಕಲಿಲ್ಲ. ನಿನಗೆ ಬರಲು ಆಗುತ್ತದೆಯೇ? ಬದಲಿ ಯಾರಾದರೂ ಸಿಗುತ್ತಾರೆಯೇ ಎಂದು ಕೇಳಿ ನೋಡು.

ಅಂಗಳದ ಆಚೆ ಮನೆಯವರನ್ನು ಕೇಳು ಎಂದು ಮಾತ್ರ ಬರೆಯಬೇಡ. ಎರಡನೆಯ ಭ್ರೂಣ ಹೋಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ದನದ ಡಾಕ್ಟರು ಹಸುಗಳ ಹೊಟ್ಟೆ ನೋಡಿ ಹೋದ ದಿನ ಊಟಕ್ಕೆ ಕೂತಿದ್ದೆವು. ನಿನ್ನ ಬೀಗಿತ್ತಿ ಆಲೂಗಡ್ಡೆ ಬಡಿಸುತ್ತಾ ಒಂದು ಕಣ್ಣಿಗೆ ಮಚ್ಚೆಯಿದ್ದ ಕೆಂದ ಹಸುವಿನ ವಿಷಯ ಹೇಳಿದರು, "ಗೊಡ್ಡಾದ್ಮೇಲೆ ಹುಲ್ಲು ಹಾಕಿ ಏನ್ ಬಂತು? ಕಸಾಯಿಖಾನೆ ಲಾರಿ ಹತ್ಸೋದೇ." ನಾನು ಎದ್ದು ಬಂದೆ. ಆವತ್ತಿನಿಂದ ಮಾತು ಬಿಟ್ಟು ಎರಡು ವರ್ಷವಾಗುತ್ತಾ ಬಂತು. ಒಂದೇ ಅಂಗಳ, ಎರಡು ಮನೆ. ನಮ್ಮ ಮಾವ ಬದುಕಿದ್ದಿದ್ದರೆ ನಡುವೆ ನಿಂತು ಏನಾದರೂ ಜೋಕು ಮಾಡುತ್ತಿದ್ದರು. ಈಗ ಅವರೂ ಇಲ್ಲ.

ನಿನ್ನ ಮಗಳು,
ಮಾರಿತ್


ಟೋಲ್ಮನ್ ಗುಡ್ಡದ ಗೋಪುರ
ಜೂನ್ 4

ಮುದ್ದು ಮಾರಿತ್,

ನಿನ್ನ ಕಾಗದ ಈರುಳ್ಳಿ ಚೀಲದ ಕೆಳಗೆ ಸಿಕ್ಕಿತು. ಓದಿ ಮೂರು ಸಲ ಮಡಚಿಟ್ಟೆ, ಮೂರು ಸಲ ತೆಗೆದೆ.

ಬದಲಿಗೆ ಯಾರೂ ಇಲ್ಲ ಮಗಳೇ. ಕೇಳಿದೆ, ಗೋಗರೆದೆ ಅಂತಲೇ ಇಟ್ಟುಕೋ. ಈ ವರ್ಷ ಕಾಡು ಒಣಗಿ ಗರಿಗರಿಯಾಗಿದೆ. ಹೋದ ವಾರವೇ ಎರಡು ಕಡೆ ಹೊಗೆ ಎದ್ದಿತ್ತು, ರೇಡಿಯೋದಲ್ಲಿ ಕೂಗಿ ಹೇಳಿದವಳು ನಾನು. ಬಿಟ್ಟು ಬಂದರೆ ಈ ದಿಕ್ಕಿಗೆ ಕಣ್ಣೇ ಇರುವುದಿಲ್ಲ. ನಿನ್ನ ಪಕ್ಕದಲ್ಲಿ ಇರಬೇಕಾದ ಹೊತ್ತಿನಲ್ಲಿ ಮರಗಳನ್ನು ನೋಡುತ್ತಾ ಕೂತಿದ್ದೇನೆ, ಅದು ನನಗೆ ಸಂಕಟವಾಗಿದೆ.

ಬೀಗಿತ್ತಿ ಆರ್ಡಿತ್‌ಳನ್ನು ಕೇಳು ಎಂದು ನಾನು ಬರೆಯುವುದಿಲ್ಲ. ನೀನು ಬೇಡ ಅಂದಿದ್ದೀಯ. ಆದರೆ ಒಂದು ವಿಷಯ ಬರೆಯಬಹುದು ತಾನೇ? ಆ ಎರಡನೆಯದು ಹೋದಾಗ ನಾನು ನಿನ್ನ ಮನೆಯಲ್ಲೇ ಇದ್ದೆ. ನೀನು ಎದ್ದು ಬಂದ ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರೋ ಬಿಸಿಬಿಸಿ ದಾಲ್ಚಿನ್ನಿ ಬನ್ನು ಇಟ್ಟು ಹೋಗಿದ್ದರು, ಮೇಲೆ ಬಟ್ಟೆ ಮುಚ್ಚಿ. ನೀನು ತಟ್ಟೆ ಸಮೇತ ನಾಯಿಯ ಮುಂದೆ ಇಟ್ಟೆ. ನಾಯಿ ಬರುವ ಮೊದಲು ನಾನು ಒಂದು ತಿಂದೆ. ಚೆನ್ನಾಗಿತ್ತು.

ಹೊಟ್ಟೆ ತುಂಬ ಊಟಮಾಡು. ಭಾರ ಎತ್ತಬೇಡ, ಎಂದರೆ ನೀನು ಕೇಳುವವಳಲ್ಲ. ಆದರೂ ಬರೆದಿದ್ದೇನೆ.

ಅಮ್ಮ


ಸ್ಪಿರಿಟ್ ರಿವರ್
ಜೂನ್ 26

ಅಮ್ಮ,

ಮೊದಲು ಕೆಟ್ಟ ಸುದ್ದಿ, ಆಮೇಲೆ ಕರುವಿನ ಸುದ್ದಿ.

ಗ್ರ್ಯಾಂಡ್ ಪ್ರೇರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆ. ಒಳಪದರ ತೆಳ್ಳಗೇ ಇತ್ತು. ಏಳು ಮಿಲಿಮೀಟರಾದರೂ ಬೇಕಂತೆ, ಐದನ್ನೂ ದಾಟಿರಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ, ಇನ್ನೊಂದು ವಾರ ನೋಡೋಣ, ಆಗದಿದ್ದರೆ ಈ ಸಲ ಕೈಬಿಡೋಣ ಎಂದರು. ಪಟ್ಟಿಗಳನ್ನು ಸರಿಯಾಗಿ ಹಚ್ಚುತ್ತಿದ್ದೀಯಾ ಎಂದು ಕೇಳಿದರು. ಹಚ್ಚುತ್ತಿದ್ದೇನೆ ಎಂದೆ. ಸುಳ್ಳಲ್ಲ, ಹಚ್ಚುತ್ತಿದ್ದೆ.

ಮರುದಿನ ಕರುಗಳಿಗೆ ಕಾಯಿಸಿದ ಕಬ್ಬಿಣದಲ್ಲಿ ಮುದ್ರೆ ಒತ್ತುವ ಕೆಲಸ. ಅಕ್ಕಪಕ್ಕದ ರ‍್ಯಾಂಚುಗಳವರೆಲ್ಲ ಬಂದಿದ್ದರು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ನಾನೂ ಇಳಿದೆ. ಕರು ಕೆಡವಿ ಕಾಲು ಹಿಡಿಯುವ ಕೆಲಸ ನನ್ನದು. ಮೈಯೆಲ್ಲ ಬೆವರು, ಧೂಳು, ಸಗಣಿ. ಮಧ್ಯಾಹ್ನದ ಹೊತ್ತಿಗೆ ನಿನ್ನ ಬೀಗಿತ್ತಿ ಬೇಲಿಯ ಪಕ್ಕದಿಂದ ನೇರ ನನ್ನ ಕಡೆಗೆ ನಡೆದು ಬಂದರು. ಬೆರಳ ತುದಿಯಲ್ಲಿ ಏನೋ ಅಂಟಿಕೊಂಡಿತ್ತು. ಅಂಗೈಯಲ್ಲಿಟ್ಟು ನನಗೆ ಮಾತ್ರ ಕಾಣುವ ಹಾಗೆ ಹಿಡಿದರು.

"ಇದು ನಿಂದಾ?"

ನನ್ನ ಹಾರ್ಮೋನಿನ ಪಟ್ಟಿ. ಒಂದು ಕರುವಿನ ಪಕ್ಕೆಗೆ ಮೆತ್ತಿಕೊಂಡಿತ್ತಂತೆ. ಅದೂ ಗಂಡು ಕರು.

ಎರಡು ವರ್ಷದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು. ನಾನು ಹೌದು ಎಂದೆ. ಈ ಸಲದ ವಿಷಯ ನಾವು ಅವರಿಗೆ ಹೇಳಿರಲೇ ಇಲ್ಲ. ಆದರೆ ಹಸುಗಳ ಬಸಿರಿನಲ್ಲೇ ಜೀವನ ಕಳೆದವರು. ಒಂದು ಸಲ ಪಟ್ಟಿ ನೋಡಿದರು, ಒಂದು ಸಲ ನನ್ನ ಹೊಟ್ಟೆ ನೋಡಿದರು, ಗೊತ್ತಾಗಿಹೋಯಿತು. ನನ್ನ ತೋಳು ಹಿಡಿದು ಕೊಟ್ಟಿಗೆಯೊಳಗೆ ಕರೆದೊಯ್ದರು. ನೋಡಿದರೆ ಇದ್ದ ನಾಲ್ಕು ಪಟ್ಟಿಗಳಲ್ಲಿ ಮೂರು ಇಲ್ಲವೇ ಇಲ್ಲ. ದಿನಾ ಹೀಗೆ ಬೆವರಿನಲ್ಲಿ ಜಾರಿ ಹೋಗುತ್ತಿತ್ತೋ ಏನೋ, ನಾನು ಸಂಜೆ ಸ್ನಾನಕ್ಕೆ ಹೋದಾಗ ಕಳಚಿತು ಅಂದುಕೊಳ್ಳುತ್ತಿದ್ದೆ. ಹೊಸದು ಹಚ್ಚಿಸಿ, ಕುದುರೆಯ ಕಾಲಿಗೆ ಸುತ್ತುವ ಆ ಹಸಿರು ಬ್ಯಾಂಡೇಜನ್ನು ನನ್ನ ಸೊಂಟಕ್ಕೆ ಸುತ್ತಿದರು. ಸುತ್ತುತ್ತಾ ಒಂದೇ ಮಾತು: "ಇವತ್ತಿಂದ ನೀನು ಕರು ಹಿಡಿಯೋದು ಬೇಡ. ನಿನ್ನ ಕೆಲಸ ಕೂತ್ಕೊಳೋದು."

ಕೂತೆ. ಜೀವನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಅವರ ಅಡುಗೆಮನೆಯ ಕಿಟಕಿಯಿಂದ ನಮ್ಮ ಜಗುಲಿ ಕಾಣುತ್ತದೆ, ನಾನು ಎದ್ದರೆ ಅವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಇವತ್ತು ಮತ್ತೆ ಸ್ಕ್ಯಾನಿಂಗ್ ಆಯಿತು. ಎಂಟು ಮಿಲಿಮೀಟರ್, ಒಳ್ಳೆಯ ಪದರ ಎಂದರು. ಕಾರಿನಲ್ಲಿ ಕೂತು ಸ್ವಲ್ಪ ಅತ್ತೆ.

ಮನೆಗೆ ಬಂದು ಅಂಗಳ ದಾಟಿ ಹೋಗಿ ಹೇಳಿದೆ. ಸೂಜಿ ಹಾಕಲು ಯಾರೂ ಇಲ್ಲ ಅಂತಲೂ ಹೇಳಿದೆ. ಕೇಳಿದೆ ಅಂತ ಅಲ್ಲ, ಹೇಳಿದೆ ಅಷ್ಟೇ. ಅವರು ಕೈ ಒರೆಸಿಕೊಂಡು, "ಎಷ್ಟೊತ್ತಿಗೆ?" ಎಂದರು.

ಮಾರಿತ್


ಟೋಲ್ಮನ್ ಗುಡ್ಡದ ಗೋಪುರ
ಜುಲೈ 3

ಬೀಗಿತ್ತಿ ಆರ್ಡಿತ್‌ರಿಗೆ,

ಮದುವೆಯ ದಿನ ಬಿಟ್ಟರೆ ನಾವಿಬ್ಬರೂ ಸರಿಯಾಗಿ ಮಾತಾಡಿದ್ದೇ ಇಲ್ಲ. ಆವತ್ತೂ ಹವಾಮಾನದ ಬಗ್ಗೆ ಮಾತಾಡಿದೆವು, ಅದು ನನ್ನ ಕಸುಬು ನೋಡಿ.

ನನ್ನ ಮಗಳು ನೋವಾದಾಗ ಬಾಯಿ ಬಿಡುವುದಿಲ್ಲ. ಸೂಜಿ ಹಾಕುವಾಗ ಅವಳು ಏನಾದರೂ ತಮಾಷೆ ಶುರುಮಾಡಿದರೆ ನೋವು ಜೋರಾಗಿದೆ ಎಂದು ತಿಳಿಯಿರಿ. ಚಿಕ್ಕವಳಿದ್ದಾಗಿನಿಂದ ಹಾಗೆಯೇ.

ನಾನು ಅಲ್ಲಿರಬೇಕಿತ್ತು. ನೀವಿದ್ದೀರಿ. ಇಲ್ಲಿ ಒಬ್ಬಳೇ ಕೂತು ಎಷ್ಟು ಸಲ ನಿಮಗೆ ಕೈಮುಗಿದಿದ್ದೇನೋ ಲೆಕ್ಕವಿಲ್ಲ.

ಸಿಗ್ನೆ


ಸ್ಪಿರಿಟ್ ರಿವರ್
ಜುಲೈ 10

ಪ್ರೀತಿಯ ಅಮ್ಮ,

ಹಾಕಿದ್ದಾಯಿತು. ಭಾನುವಾರ ಹಾಕಿದರು. ನಿಂತಿತೋ ಇಲ್ಲವೋ ಗೊತ್ತಾಗಲು ಮುಂದಿನ ವಾರದ ರಕ್ತಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಹೊತ್ತು ಹೋಗಬೇಕಲ್ಲ, ನಿನಗೆ ಎಲ್ಲವನ್ನೂ ಬರೆಯುತ್ತೇನೆ.

ಮೊದಲ ದಿನ ಅತ್ತೆ ಬಂದರು. ಸೂಜಿಗೆ ಎಣ್ಣೆ ಎಳೆದುಕೊಂಡರು, ನನ್ನ ಅಂಗಿಯ ಕಾಲರು ಸರಿಸಿದರು. ನಾನು ಹೆದರಿ, ಅಲ್ಲಲ್ಲ, ಕೆಳಗೆ ಎಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

"ನಾವು ಯಾವತ್ತೂ ಕುತ್ತಿಗೇಗೇ ಹಾಕೋದು. ಹಿಂದಕ್ಕೆ ಚುಚ್ಚಿದ್ರೆ ಮಾಂಸ ಕೆಡುತ್ತೆ."

"ಅತ್ತೆ, ನನ್ನ ಮಾಂಸ ಯಾರೂ ಕೊಳ್ಳೋದಿಲ್ಲ."

ಅವರು ನಗಲಿಲ್ಲ. ಆಸ್ಪತ್ರೆಗೆ ಫೋನು ಮಾಡಿಸಿ, ನರ್ಸ್ ಬಾಯಿಂದ ಕೇಳಿದ ಮೇಲೇ ಒಪ್ಪಿದ್ದು. ನರ್ಸ್ ಜಾಗ ಹೇಳಿಕೊಟ್ಟಳು, ಚುಚ್ಚಿದ ಮೇಲೆ ಚೆನ್ನಾಗಿ ತಿಕ್ಕಬೇಕೆಂದೂ ಹೇಳಿದಳು. ಎಣ್ಣೆ ಗಟ್ಟಿ, ಬೆಚ್ಚಗಿದ್ದರೆ ನೋವು ಕಡಿಮೆ ಎಂದಳು. ಅಷ್ಟು ಹೇಳಿದ್ದೇ ತಡ, ಅತ್ತೆ ಮರುದಿನದಿಂದ ಆ ಪುಟ್ಟ ಸೀಸೆಯನ್ನು ಬೆಳಿಗ್ಗೆಯೇ ಅಂಗಿಯೊಳಗೆ ಎದೆಯ ಹತ್ತಿರ ಇಟ್ಟುಕೊಂಡು ಓಡಾಡುತ್ತಾರೆ. ಹುಲ್ಲು ಕೊಯ್ಯುವಾಗಲೂ ಅಲ್ಲೇ, ಅಂಗಡಿಗೆ ಹೋದಾಗಲೂ ಅಲ್ಲೇ. ಸಂಜೆ ನನ್ನ ಮುಂದೆ ತೆಗೆಯುವಾಗ ಅದು ಅವರ ಮೈಯಷ್ಟೇ ಬೆಚ್ಚಗಿರುತ್ತದೆ.

ಇನ್ನೊಂದು ಕೇಳು. ಲಸಿಕೆ ಹಾಕಿದ ಕರುವಿಗೆ ಎರಡನೇ ಸಲ ಹಾಕದ ಹಾಗೆ ಬಣ್ಣದ ಬಳಪದಲ್ಲಿ ಗೆರೆ ಎಳೆಯುತ್ತಾರಲ್ಲ, ಅದೇ ನೀಲಿ ಬಳಪ ನನಗೂ. ಇವತ್ತು ಎಡಕ್ಕೆ ಹಾಕಿದರೆ ಎಡಕ್ಕೊಂದು ಗೆರೆ, ನಾಳೆ ಬಲಕ್ಕೊಂದು. ಮಳೆಗೂ ಅಳಿಯದ ಬಣ್ಣ ಅದು, ಸೋಪಿಗೆ ಅಳಿಯುತ್ತದೆಯೇ? ಎಡ್ಮಂಟನ್ನಿನಲ್ಲಿ ಬಟ್ಟೆ ಬದಲಿಸುವಾಗ ನರ್ಸ್ ನೋಡಿ ಗಾಬರಿಯಾದಳು. ಇದು ಏನು, ಯಾರಾದರೂ ಹೊಡೆದರೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ನನಗೆ ಅತ್ತೆ ಇದ್ದಾರೆ ಎಂದೆ. ಅದು ಉತ್ತರವಲ್ಲ ಎಂದು ಆಮೇಲೆ ಹೊಳೆಯಿತು.

ಕೋಲ್ಟನ್‌ಗೆ ರಜೆ ಸಿಗಲಿಲ್ಲ. ಐದು ಗಂಟೆ ಟ್ರಕ್ ಓಡಿಸಿಕೊಂಡು ಬಂದವರು ಅತ್ತೆಯೇ. ಒಳಗೆ ಒಬ್ಬರು ಇರಬಹುದು ಎಂದರು, ಅವರು ಬಂದು ನನ್ನ ತಲೆಯ ಹತ್ತಿರ ನಿಂತರು. ತಲೆ ಮೇಲಿನ ಟೋಪಿ ತೆಗೆದರು. ಚರ್ಚಿನಲ್ಲಿ ಬಿಟ್ಟರೆ ಅವರು ಟೋಪಿ ತೆಗೆದದ್ದನ್ನು ನಾನು ನೋಡಿರಲಿಲ್ಲ. ಪರದೆಯ ಮೇಲೆ ಒಂದು ಬಿಳಿಯ ಚುಕ್ಕೆ ಕಂಡಿತು, ಕಂಡು ನಿಂತಿತು. ಅಷ್ಟೇ. ಡಾಕ್ಟರಮ್ಮ, ಇಲ್ಲಿದೆ ನೋಡಿ ಎಂದರು. ಅತ್ತೆ ಬಗ್ಗಿ ನೋಡಿದರು.

"ಎಷ್ಟು ಚಳಿಗಾಲ ಇಟ್ಟಿದ್ರಿ ಇದನ್ನ ಹಿಮದಲ್ಲಿ?"

ನಾಲ್ಕು ಎಂದರು ಡಾಕ್ಟರಮ್ಮ.

"ಹಾಗಾದ್ರೆ ನಮ್ಮ ಕಡೇದೇ ಬಿಡಿ," ಎಂದರು ಅತ್ತೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ಓಡಿಸಿದರು. ನಾನು ಮಲಗಿಕೊಂಡೇ ಇದ್ದೆ. ಕಣ್ಣು ಮುಚ್ಚಿದ್ದೆ, ಆದರೆ ನಿದ್ದೆ ಬಂದಿರಲಿಲ್ಲ. ಅವರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ನನ್ನ ಹೊದಿಕೆ ಸರಿಮಾಡುತ್ತಿದ್ದರು. ಆಗ ಆ ಹಳೆಯ ಮಾತು ನೆನಪಾಯಿತು ಅಮ್ಮ. ಗೊಡ್ಡು, ಲಾರಿ. ಇದೇ ಕೈ, ಅದೇ ಬಾಯಿ. ಎರಡನ್ನೂ ಹೇಗೆ ಒಟ್ಟಿಗೆ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

ನಿನ್ನ ಮಾರಿತ್


ಟೋಲ್ಮನ್ ಗುಡ್ಡದ ಗೋಪುರ
ಜುಲೈ 29

ನನ್ನ ಬಂಗಾರ,

ನೀನು ಕಾಗದ ಬರೆದು ತಿಳಿಸುವಷ್ಟರಲ್ಲಿ ನನಗೆ ಗೊತ್ತಾಗಿತ್ತು. ಹೇಗೆ ಎಂದು ಕೇಳು.

ಬೆಳಿಗ್ಗೆ ಎಲ್ಲ ಗೋಪುರದವರೂ ಸರದಿಯ ಪ್ರಕಾರ ಹವಾಮಾನ ಓದುವ ಹೊತ್ತು. ನನ್ನದು ಮುಗಿದಿತ್ತು. ಅರಣ್ಯ ಕಚೇರಿಯ ಹುಡುಗಿ, ಟೋಲ್ಮನ್ ಗುಡ್ಡಕ್ಕೆ ಫೋನಿನಲ್ಲಿ ಒಂದು ಸಂದೇಶ ಬಂದಿದೆ, ಓದಲೇ ಎಂದಳು. ಓದು ಎಂದೆ. ಅವಳು ಗಾಳಿಯ ವೇಗ ಓದುವ ದನಿಯಲ್ಲೇ ಓದಿದಳು: "ಸಿಗ್ನೆಗೆ. ಗಬ್ಬ ನಿಂತಿದೆ. ಆರ್ಡಿತ್."

ಆಚೆ ಗುಡ್ಡದ ಮುದುಕ ವಿಲ್ಮರ್ ಇದ್ದಾನಲ್ಲ, ಅವನು ಅಭಿನಂದನೆ ಹೇಳಿ, ಯಾವ ತಳಿ ಎಂದು ಕೇಳಿದ. ಅಷ್ಟರಲ್ಲಿ ನನ್ನ ಅಳು ರೇಡಿಯೋದಲ್ಲಿ ಹೋಗಿಬಿಟ್ಟಿತ್ತು. ಹಸುವಿಗಾಗಿ ಯಾರೂ ಹಾಗೆ ಅಳುವುದಿಲ್ಲ ಎಂದು ಅವನಿಗೂ ಅರ್ಥವಾಯಿತು. ಆಮೇಲೆ ಒಬ್ಬೊಬ್ಬರೇ, ತಮ್ಮ ತಮ್ಮ ಹವಾಮಾನ ಓದಿದ ಮೇಲೆ ಕೊನೆಗೆ ಒಂದು ಮಾತು ಸೇರಿಸಿದರು. ಒಳ್ಳೇದಾಗಲಿ ಅಂತ ಒಬ್ಬರು, ಹುಷಾರು ಅಂತ ಒಬ್ಬರು. ನಾನು ಮುಖವೇ ನೋಡದವರು ಕೂಡ.

ಗುಟ್ಟು ರಟ್ಟಾಯಿತೆಂದು ಬೀಗಿತ್ತಿಯ ಮೇಲೆ ರೇಗಬೇಡ. ಅವಳಿಗೆ ಗೊತ್ತಿರುವ ಮಾತಿನಲ್ಲಿ ಹೇಳಿದಳು. ನಾನು ಒಂದು ದಿನವೂ ಕಾಯುವುದು ಬೇಡ ಎಂದು ಹೇಳಿದಳು. ಇಷ್ಟು ವರ್ಷದಲ್ಲಿ ಈ ರೇಡಿಯೋದಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ.

ಅಮ್ಮ


ಸ್ಪಿರಿಟ್ ರಿವರ್
ಸೆಪ್ಟೆಂಬರ್ 2

ಪ್ರೀತಿಯ ಅಮ್ಮ,

ಎದೆಬಡಿತ ಕೇಳಿಸಿತು. ಓಡುವ ಕುದುರೆಯ ಹಾಗಿದೆ. ಕೋಲ್ಟನ್ ಜೊತೆಗಿದ್ದ, ಹೊರಗೆ ಬಂದು ಟ್ರಕ್ಕಿನ ಕೀಲಿ ಎಲ್ಲಿಟ್ಟೆ ಎಂದು ಕಾಲು ಗಂಟೆ ಹುಡುಕಿದ, ಅವನ ಕೈಯಲ್ಲೇ ಇತ್ತು.

ಇಂಜೆಕ್ಷನ್ ಕೂಡ ಮುಗಿಯಿತು. ಇನ್ನು ಮಗು ತನ್ನ ವ್ಯವಸ್ಥೆ ತಾನೇ ನೋಡಿಕೊಳ್ಳುತ್ತದೆ ಎಂದರು ಡಾಕ್ಟರಮ್ಮ. ಅತ್ತೆಗೆ ಹೇಳಿದೆ. ತಲೆ ಆಡಿಸಿದರು. ಆದರೂ ಮರುದಿನ ಸಂಜೆ ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತರು, ಬರಿಗೈಯಲ್ಲಿ. ಕಾಫಿ ಹಾಕಿದೆ. ಅವತ್ತಿನಿಂದ ದಿನಾ ಬರುತ್ತಾರೆ.

ಈಗ ನಿನಗೆ ಹೇಳಬೇಕಾದ ವಿಷಯ. ಹೋದ ವಾರ ಮೇಲಿನ ಹುಲ್ಲುಗಾವಲಿನಿಂದ ದನಗಳನ್ನು ಇಳಿಸಿಕೊಂಡು ಬಂದರು. ನಾನು ಬೇಲಿಯ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದೆ. ಒಂದೊಂದು ತಾಯಿಯ ಪಕ್ಕ ಒಂದೊಂದು ಕರು. ಕೊನೆಯಲ್ಲಿ ಒಬ್ಬಳೇ ಬಂದಳು, ಕೊಬ್ಬಿ ಮಿನುಗುತ್ತಾ. ಕೆಂದ ಹಸು, ಬಿಳಿಯ ಮುಖ, ಒಂದು ಕಣ್ಣಿನ ಸುತ್ತ ಕೆಂಪು ಮಚ್ಚೆ. ಅಮ್ಮ, ಅದೇ ಹಸು. ಎರಡು ವರ್ಷದ ಹಿಂದೆ ಲಾರಿ ಹತ್ತಬೇಕಿದ್ದದ್ದು.

ಕೋಲ್ಟನ್‌ನನ್ನು ಕೇಳಿದೆ. ಅವನು ನೆಲ ನೋಡಿದ.

"ನೀನು ಊಟ ಬಿಟ್ಟು ಎದ್ದು ಹೋದ್ಯಲ್ಲ, ಅವತ್ತಿಂದ ಅಮ್ಮ ಅದನ್ನ ಮಾರೋಕೆ ಬಿಡ್ತಿಲ್ಲ. ಕೇಳಿದ್ರೆ ಅದಕ್ಕೆ ಕಾಲು ನೋವು, ಲಾರಿ ಹತ್ತೋಕಾಗಲ್ಲ ಅಂತಾಳೆ."

"ಕಾಲು ನೋವಾ?"

"ಆ ಹಸು ಬೇಲಿ ಹಾರುತ್ತೆ, ಮಾರಿತ್."

ಕಳೆದ ಕ್ರಿಸ್‌ಮಸ್ ದಿನ ನಾವು ಅತ್ತೆಯ ಮನೆಗೆ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಅವರಿಗೆ ಜ್ವರ ಬಂದಾಗ ನಾನು ಕೋಲ್ಟನ್ ಕೈಯಲ್ಲಿ ಸೂಪು ಕಳಿಸಿ ಸುಮ್ಮನಾದೆ. ಆಗೆಲ್ಲ ಆ ಹಸು ಅಲ್ಲೇ ಇತ್ತು, ಅವರ ಕೊಟ್ಟಿಗೆಯ ಹಿಂದೆ, ಹುಲ್ಲು ತಿನ್ನುತ್ತಾ. ನಾನು ಒಂದು ಸಲ ಆ ಕಡೆ ನಡೆದಿದ್ದರೆ ಸಾಕಿತ್ತು.

ಅವರಿಗೆ ಏನೂ ಹೇಳಿಲ್ಲ. ಏನು ಹೇಳಬೇಕು ಎಂದು ನಿನಗೆ ಗೊತ್ತಿದ್ದರೆ ಬರೆ.

ಮಾರಿತ್


ಸ್ಪಿರಿಟ್ ರಿವರ್
ಸೆಪ್ಟೆಂಬರ್ 27

ಬೀಗಿತ್ತಿ ಸಿಗ್ನೆಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಿಮ್ಮ ಕಾಗದ ಬಂದು ತುಂಬ ದಿನವಾಯಿತು. ಹುಲ್ಲಿನ ಕೆಲಸ ಇತ್ತು. ಈ ಕಾಗದ ತರುವ ಹೆಲಿಕಾಪ್ಟರಿನಲ್ಲೇ ನೀವು ಇಳಿದು ಬರುತ್ತೀರಿ ಎಂದು ಮಾರಿತ್ ಹೇಳಿದಳು. ಹಾಗಿದ್ದರೆ ಬಾಯಲ್ಲೇ ಹೇಳಬಹುದಿತ್ತು. ಬಾಯಲ್ಲಿ ನನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೂಜಿಯ ವಿಷಯ ನೀವು ಬರೆದದ್ದು ನಿಜ. ಮೊದಲ ವಾರ ಬಾಯಿ ಮುಚ್ಚದೆ ತಮಾಷೆ ಮಾಡಿದಳು. ಆಮೇಲೆ ಕಡಿಮೆಯಾಯಿತು. ಕೊನೆಕೊನೆಗೆ ಸುಮ್ಮನೆ ಇರುತ್ತಿದ್ದಳು, ನನಗೆ ಸಮಾಧಾನವಾಯಿತು.

ನಿನ್ನೆ ದನದ ಡಾಕ್ಟರು ಬಂದಿದ್ದರು. ಹಸುಗಳನ್ನು ಒಂದೊಂದಾಗಿ ಎರಡು ಬೇಲಿಗಳ ನಡುವಿನ ಕಿರಿದಾದ ಓಣಿಗೆ ಬಿಡುತ್ತೇವೆ, ಡಾಕ್ಟರು ಕೈಹಾಕಿ ನೋಡಿ ಕೂಗುತ್ತಾರೆ. ಗಬ್ಬ ಎಂದರೆ ಗೇಟು ಬಲಕ್ಕೆ, ಹುಲ್ಲುಗಾವಲಿನ ಕಡೆ. ಗೊಡ್ಡು ಎಂದರೆ ಎಡಕ್ಕೆ, ಅಲ್ಲಿ ಲಾರಿ ನಿಂತಿರುತ್ತದೆ. ಮಾರಿತ್ ತಾನೂ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದಳು. ದನಗಳ ಹತ್ತಿರ ಬಿಡುವುದಿಲ್ಲ ಎಂದೆ. ಕೊನೆಗೆ ಬೇಲಿಯ ಹೊರಗೆ ಕುರ್ಚಿ ಹಾಕಿ, ಕಾಲಿಗೆ ಕಂಬಳಿ ಹೊದಿಸಿ, ಗೇಟಿನ ಹಗ್ಗ ಅವಳ ಕೈಗೆ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಆ ಕೆಂದ ಹಸು ಬಂತು. ಅದು ಯಾವ ಹಸು ಎಂದು ನಿಮಗೆ ಗೊತ್ತಿರಬೇಕು. ಅದನ್ನು ಬೆಳಿಗ್ಗೆಯೇ ಬೇರೆ ಕಟ್ಟಬೇಕು ಅಂದುಕೊಂಡಿದ್ದೆ. ಹೇಗೋ ತಪ್ಪಿಸಿಕೊಂಡು ಸಾಲಿನಲ್ಲಿ ಸೇರಿಬಿಟ್ಟಿತ್ತು. ಡಾಕ್ಟರು ನೋಡಿದರು. ಗೊಡ್ಡು ಎಂದು ಜೋರಾಗಿ ಕೂಗಿದರು. ನಾನು ಓಣಿಯ ಈ ತುದಿಯಲ್ಲಿದ್ದೆ. ಮಾರಿತ್ ಕಡೆ ನೋಡುವ ಧೈರ್ಯ ಬರಲಿಲ್ಲ.

ಗೇಟಿನ ಸದ್ದು ಕೇಳಿಸಿತು. ನೋಡಿದರೆ ಬಲಕ್ಕೆ ತೆರೆದಿದೆ. ಹಸು ಹುಲ್ಲುಗಾವಲಿಗೆ ನಡೆದು ಹೋಗುತ್ತಿದೆ.

"ಅದು ಗೊಡ್ಡು ಅಂದೆನಲ್ಲಮ್ಮ, ನೀನು ತಪ್ಪು ಕಡೆ ಬಿಟ್ಟೆ," ಎಂದರು ಡಾಕ್ಟರು.

"ಕೇಳಿಸ್ತು ಡಾಕ್ಟ್ರೇ," ಎಂದಳು ಮಾರಿತ್. "ಅವಳು ಈ ಮನೆಯವಳು."

ನಾನು ಅವಳಿಗೆ ಏನೂ ಹೇಳಿರಲಿಲ್ಲ. ಅವಳೂ ನನಗೆ ಏನೂ ಹೇಳಿರಲಿಲ್ಲ. ಜೇಬಿನಲ್ಲಿ ನೀಲಿ ಬಳಪ ಇತ್ತು. ಹೋಗಿ ಆ ಹಸುವಿನ ಬೆನ್ನ ಮೇಲೆ ಒಂದು ಗೆರೆ ಎಳೆದು ಬಂದೆ, ಇನ್ನು ಯಾರೂ ಅದನ್ನು ಮತ್ತೆ ಓಣಿಗೆ ತರಬಾರದು ಎಂದು. ಆಮೇಲೆ ಕಣ್ಣಿಗೆ ಧೂಳು ಬಿದ್ದಿತ್ತು, ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದೆವು.

ನೀವು ನನಗೆ ಕೈಮುಗಿದೆ ಎಂದು ಬರೆದಿದ್ದಿರಿ. ಅದು ಉಲ್ಟಾ ಆಗಬೇಕು. ಹೆತ್ತು ಬೆಳೆಸಿದವರು ನೀವು, ಈಗ ದಿನಾ ಸಂಜೆ ಅವಳ ಕೈಯ ಕಾಫಿ ಕುಡಿಯುವವಳು ನಾನು.

ನೇರ ಇಲ್ಲಿಗೇ ಬನ್ನಿ. ನಿಮ್ಮ ಹಾಸಿಗೆ ನನ್ನ ಮನೆಯಲ್ಲಿ ಹಾಸಿದ್ದೇನೆ, ಅಂಗಳ ದಾಟಿದರೆ ಮಗಳು. ಬನ್ನು ಮಾಡಿಟ್ಟಿರುತ್ತೇನೆ. ಒಂದು ಹಿಂದೆಯೇ ತಿಂದಿದ್ದಿರಂತೆ.

ಆರ್ಡಿತ್